ಖಾಲಿ ಗಾಡಿ ತೂಕ

ಹತ್ತೊಂಬತ್ತು ವರ್ಷ ಆಯಿತು
ಹುಮನಾಬಾದ್ ರಿಂಗ್ ರೋಡಿನ ಈ ಕಾಟಾದ ಕಿಟಕ್ಯಾಗ ಕುಂತು.
ಲಾರಿ ಬರತಾವ. ತುಂಬಿದ್ದು ಒಂದು ತೂಕ, ಖಾಲಿದು ಒಂದು ತೂಕ,
ನಡುವಿಂದು ತೊಗರಿ.
ಚೀಟಿ ಹರಿದು ಕೊಡತೀನಿ: ನಾಗಪುರ, ಇಂದೋರ್, ಜಲಂಧರ್.
ನಮ್ಮ ಬ್ಯಾಳಿ ನೋಡದ ಊರಿಲ್ಲ.
ನಾ ನೋಡಿದ್ದು ಸೊಲ್ಲಾಪುರ.
ಅದೂ ಹಲ್ಲು ತೆಗಸಲಿಕ್ಕ.

ಭಿಶಿ ಎತ್ತಿದ ದಿನ ಚಂದ್ರಶಾಗ ಹೇಳಿದೆ:
ದೊಡ್ಡ ಗಾಡಿ ತಗೋತೀನಿ. ಬ್ಯಾಳಿ ಹೋದಲ್ಲಿ ಹೋಗೋದು.
ಮೊಣಕಾಲು ತಿಕ್ಕೋತ ಕೇಳಿದ, ಹಿಂದಿನ ಸೀಟು ನಂದಾ?
ನಿಂದೇ.
ಹಂಗಾರ ಛಲೋದು ನೋಡಿ ತಗೋ.

ಸೇಡಂ ರೋಡಿನ ಶೋರೂಮು. ಹೊರಗ ನಲವತ್ಮೂರು ಡಿಗ್ರಿ,
ಒಳಗ ಎಸಿ, ನೆಲದಾಗ ನಮ್ಮ ಮುಖ.
ಸರ್‌ಗೆ ಯಾವ ಮಾಡೆಲ್ ತೋರಿಸ್ಲಿ?
ಸರ್ ನನ್ನ ಕಡೆ ಬೆರಳು ಮಾಡಿದರು.
ಹುಡುಗನ ನಗು ಒಂದು ಗೇರು ಇಳೀತು, ಮತ್ತ ಸಂಭಾಳಿಸಿಕೊಂಡ.

ಹೊಸದು ಖರೇನೂ ಚಂದ.
ಸೀಟಿನ ಪ್ಲಾಸ್ಟಿಕ್ ಬಿಚ್ಚಿಲ್ಲ, ಮೀಟರಿನಾಗ ಬರೀ ಸೊನ್ನೆ,
ಟ್ಯಾಂಕ್ ಮುಟ್ಟಿದೆ, ನನ್ನ ಬೆರಳಿನ ಗುರುತು ಮೂಡಿತು,
ಅವ ಬಟ್ಟಿ ತಗೊಂಡು ಒರೆಸಿದ.
ಮೂರು ಲಕ್ಷ ನಲವತ್ತು. ಐದು ವರ್ಷ ಕಂತು.
ತೀರೋ ಹೊತ್ತಿಗೆ ನಂಗ ಐವತ್ತೆರಡು.
ಏರಿ ಕುಂತೆ.
ಎರಡೂ ಹೆಬ್ಬೆರಳು ನೆಲ ಹುಡುಕಿದವು,
ಹಗ್ಗ ಸಾಲದ ಕೊಡ ಬಾವ್ಯಾಗ ತೂಗಿದಂಗ.
ರೂಢಿ ಆಗತಾದ ಮೇಡಂ, ಅಂದ.
ರೂಢಿ ಅಂದರೇನು ಅಂತ ನಂಗ ಕೇಳಪಾ, ಅನಬೇಕಂದೆ. ಅನಲಿಲ್ಲ.

ಎರಡನೇದು ಮೈನೋದ್ದೀನನ ಗ್ಯಾರೇಜಿನಾಗ, ಬೇವಿನ ಗಿಡದ ಕೆಳಗ,
ಗುಬ್ಬಿ ಹಿಕ್ಕಿ ಸಮೇತ.
ಅದೇ ಕಂಪನಿ, ಏಳು ವರ್ಷ ಹಳೇದು.
ಒಂದು ಲಕ್ಷ ಐವತ್ತು, ಚೌಕಾಶಿ ಬ್ಯಾರೆ.
ನಲವತ್ತೊಂದು ಸಾವಿರ ಕಿಲೋಮೀಟರು.
ಚೈನು ಬದಲಿಸಬೇಕು, ಮುಂದಿನ ಟೈರು ಸವೆದದ,
ಟ್ಯಾಂಕಿನ ಎಡಕ್ಕ ಒಂದು ಗೀರು, ಗೇಣುದ್ದ.
ಬಿದ್ದದೇನು?
ಬಿದ್ದದರಿ. ಎದ್ದು ಮತ್ತ ಹನ್ನೆರಡು ಸಾವಿರ ಓಡ್ಯಾದ.
ಬಲಗಡೆ ಪೆಟ್ಟಿಗ್ಯಾಗ ಒಂದು ಟೋಲ್ ಚೀಟಿ.
ಚೀಟಿ ಓದೋದೇ ನನ್ನ ಕಸುಬು,
ಎಷ್ಟು ತಿರುವಿದರೂ ಊರು ತಿಳೀಲಿಲ್ಲ. ಅಕ್ಷರ ಬಿಸಿಲು ತಿಂದಿತ್ತು.

ಏರಿ ಕುಂತೆ.
ಎರಡೂ ಹಿಮ್ಮಡ ಪೂರ್ತಿ ನೆಲಕ್ಕ.

ಸೀಟು ಕೊಯಿಸ್ಯಾರರಿ, ಎರಡಿಂಚು ಸ್ಪಂಜು ತೆಗಸ್ಯಾರ.
ಯಾರು?
ಯಾರಿಗೆ ಗೊತ್ತರಿ, ಹೈದರಾಬಾದಿನ ದಲಾಲಿ ತಂದು ಬಿಟ್ಟದ್ದು.

ನನ್ನಷ್ಟೇ ಗಿಡ್ಡ ಒಂದು ಜೀವ
ಯಾವುದೋ ಸಿಗ್ನಲಿನಾಗ ತುದಿಗಾಲಿನ ಮ್ಯಾಲ ನಿಂತು ನಿಂತು ಬ್ಯಾಸತ್ತು
ರೆಕ್ಸಿನ್ ಬಿಚ್ಚಿಸಿ ಕೊಯಿಸ್ಯಾದ.
ಗಂಡೋ ಹೆಣ್ಣೋ.

ಚಂದ್ರಶಾ ಗೊಣಗಿದ: ಮಂದೀದು ಬ್ಯಾನಿ ನಮಗ್ಯಾಕ?
ನಿನ್ನ ಮೊಣಕಾಲು ಯಾವ ಮಾಡೆಲ್ಲು, ಅಂದೆ.

ಓಡಿಸಿ ನೋಡ್ತೀನಿ ಅಂತ ತಂದು
ಸಂಜಿಗೆ ಕಾಟಾದ ಮ್ಯಾಲ ನಿಲ್ಲಿಸಿದೆ.
ಹತ್ತು ಹತ್ತು ಕಿಲೋಕ್ಕ ಜಿಗಿಯೋ ಯಂತ್ರ, ಅದಕ್ಕಿಂತ ಸಣ್ಣದು ಅದಕ್ಕ ಕಾಣಂಗಿಲ್ಲ.
ಖಾಲಿ ಗಾಡಿ: ನೂರಾ ತೊಂಬತ್ತು.
ಹೊಸದೂ ಅಷ್ಟೇ, ಅವರ ಕಾಗದದಾಗ ಓದೀನಿ.
ನಲವತ್ತೊಂದು ಸಾವಿರ ಕಿಲೋಮೀಟರಿಗೆ ತೂಕ ಇಲ್ಲ.
ಬಿದ್ದದ್ದಕ್ಕೂ ಇಲ್ಲ.

ನಾ ಕುಂತೆ. ಹಿಂದ ಚಂದ್ರಶಾ, ಒಂದೊಂದೇ ಕಾಲು ಎತ್ತಿ.
ಮುನ್ನೂರಾ ಮೂವತ್ತು.
ಚೀಟಿ ಬೇಕನಿಸಿತು. ಕಿಟಕ್ಯಾಗ ಯಾರೂ ಇಲ್ಲ,
ಅಲ್ಲಿ ಇರಾಕಿ ನಾನೇ.
ಇಳಿದು ಒಳಗ ಹೋದೆ, ಅಂಕಿ ಅರವತ್ತು ಇಳೀತು.
ಹಂಗೇ ಬಟನ್ ಒತ್ತಿದೆ.
ಮಾಲು ಅನ್ನೋ ಜಾಗದಾಗ ತಾನೇ ಅಚ್ಚಾಯಿತು: ತೊಗರಿ.
ಹೊರಗ ಗಾಡಿ ಮ್ಯಾಲ ಒಬ್ಬನೇ ಕುಂತ ತೊಗರಿ
ಕೈಬೀಸಿ ಕರೀತಿತ್ತು, ಹಿಂದ ಲಾರಿ ನಿಂತದ, ಬಾ ಲಗೂ.

ಚೈನಿಗೆ ಎಷ್ಟಾಗತಾದ, ಮುಂಜಾನೆ ಕೇಳಬೇಕು.